ಹೆಣ್ಣು ಹುಟ್ಟಿದರೆ ಪೇಢೆ

ನಮ್ಮ ತಾಯಿಯ ಕಡೆಯವರಲ್ಲಿ ಹೆಣ್ಣು ಹುಟ್ಟಿದರೆ ಪೇಢೆ ಹಂಚುತ್ತಿದ್ದರು. ಗಂಡು ಹುಟ್ಟಿದರೆ ಬಂದವರ ಕೈಗೆ ನಾಲ್ಕು ಕಾಳು ಸಕ್ಕರೆ ಹಾಕಿ ಸುಮ್ಮನಾಗುತ್ತಿದ್ದರು. ಹೊರಗಿನವರು ಇದನ್ನು ಕಂಡು, ಎಂಥ ಮುಂದುವರಿದ ಮಂದಿ ಎಂದು ಹೊಗಳಿದ್ದೂ ಉಂಟು. ಅಕ್ಕನಿಗೆ ಮಗಳು ಹುಟ್ಟಿದಾಗ ಅವ್ವ ಕುಣಿಯುವುದೊಂದು ಬಾಕಿ ಇತ್ತು. ವಿಜಯವಾಡದ ಪಟಮಟದಲ್ಲಿ ನಮ್ಮ ಪಕ್ಕದ ಮನೆಯ ಟೀಚರಮ್ಮ ಅದನ್ನು ನೋಡಿ, ಕರ್ನಾಟಕದವರಿಂದ ನಾವು ಕಲಿಯಬೇಕು ಎಂದು ತಮ್ಮ ಅತ್ತೆಗೆ ಕೇಳಿಸುವ ಹಾಗೆ ತೆಲುಗಿನಲ್ಲಿ ಹೇಳಿದರು. ನಾವು ನಕ್ಕು ಅವರಿಗೆ ಇನ್ನೊಂದು ಪೇಢೆ ಕೊಟ್ಟೆವು. ನಿಜ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ನಮ್ಮಲ್ಲಿ ಗಂಡುಮಕ್ಕಳ ತಲೆ ಕೆಡುತ್ತಿತ್ತು, ಅಷ್ಟೇ.

ಮೊದಲು ಅವ್ವನ ಅಣ್ಣ. ಧಾರವಾಡದಲ್ಲಿ ಕಾಲೇಜು ಓದುತ್ತಿದ್ದವನು ಒಂದು ದಿನ ಪುಸ್ತಕವನ್ನೆಲ್ಲ ಹಿತ್ತಲಲ್ಲಿ ಸುಟ್ಟು, ಮುಂದೆ ಬದುಕಿದಷ್ಟು ಕಾಲ ಅಟ್ಟದ ಮೇಲಿನ ಕೋಣೆಯಲ್ಲೇ ಇದ್ದ. ಆಮೇಲೆ ನನ್ನ ತಮ್ಮ. ಅಪ್ಪ ಬ್ಯಾಂಕಿನಲ್ಲಿ ಅಧಿಕಾರಿಯಾಗಿ ವಿಜಯವಾಡಕ್ಕೆ ವರ್ಗವಾಗಿ ಬಂದು, ಪಟಮಟದಲ್ಲಿ ಮನೆ ಮಾಡಿ, ನಮ್ಮನ್ನು ಇಲ್ಲಿಯ ಶಾಲೆಗೆ ಹಾಕಿದ್ದರು. ತಮ್ಮನಿಗೆ ಹತ್ತೊಂಬತ್ತು ತುಂಬಿದ ಬೇಸಿಗೆಯಲ್ಲಿ ಅವನು ಸ್ನಾನ ಬಿಟ್ಟ, ಗೆಳೆಯರನ್ನು ಬಿಟ್ಟ, ಟೀವಿಯಲ್ಲಿ ವಾರ್ತೆ ಓದುವವಳು ತನ್ನನ್ನೇ ಬೈಯುತ್ತಾಳೆಂದು ಟೀವಿಗೆ ಬೆಡ್‌ಶೀಟು ಹೊದಿಸಿದ. ಸ್ಕಿಜೋಫ್ರೇನಿಯಾ ಎಂಬ ಶಬ್ದ ನಮ್ಮ ಮನೆಗೆ ಬಂದದ್ದು ಆಗ. ಅವ್ವ ಅದನ್ನು ಒಮ್ಮೆಯೂ ಬಾಯಿಂದ ಆಡಲಿಲ್ಲ. ಅವಳ ಪಾಲಿಗೆ ಅದು ‘ಗಂಡಸರ ಬ್ಯಾನಿ’.

ತಮ್ಮ ಈಗಲೂ ನಮ್ಮ ಜೊತೆಗಿದ್ದಾನೆ. ಮಾತ್ರೆ ತಪ್ಪಿಸುವುದಿಲ್ಲ. ಬೆಳಿಗ್ಗೆ ಹಾಲು ತರುತ್ತಾನೆ, ಕ್ರಿಕೆಟ್ ನೋಡುತ್ತಾನೆ, ಆವಕಾಯ ಉಪ್ಪಿನಕಾಯಿ ಹಾಕುವ ದಿನಗಳಲ್ಲಿ ಮಾವಿನಕಾಯಿ ಹೆಚ್ಚಿಕೊಡುತ್ತಾನೆ. ಮಾತು ಕಡಿಮೆ. ಅಪ್ಪ ನೌಕರಿಯಲ್ಲಿದ್ದಾಗಲೇ ತೀರಿಕೊಂಡಾಗ ಮಗನಿಗೆ ಸಿಗಬೇಕಾಗಿದ್ದ ಅನುಕಂಪದ ಕೆಲಸ ನನಗೆ ಸಿಕ್ಕಿತು. ನಾನು ಕ್ಲಾರ್ಕ್ ಆದೆ, ಈಗಲೂ ಕ್ಲಾರ್ಕೇ.

ಬಂಧುಗಳಲ್ಲಿ ಇಬ್ಬರು ಹೀಗಾದ ಮೇಲೆ ನಮ್ಮವರು ತಾವೇ ಒಂದು ಶಾಸ್ತ್ರ ಬರೆದುಕೊಂಡರು. ಬ್ಯಾನಿ ರಕ್ತದಲ್ಲಿ ಬರುತ್ತದೆ, ಗಂಡಿಗೆ ಮಾತ್ರ ಹತ್ತುತ್ತದೆ, ಇಪ್ಪತ್ತೈದು ದಾಟಿದರೆ ಪಾರು. ಇದಕ್ಕೆ ‘ಗಡಿ’ ಎಂದು ಹೆಸರೂ ಇಟ್ಟರು. ಹುಡುಗ ಗಡಿಯೊಳಗಿದ್ದಾನೋ ದಾಟಿದನೋ ಎಂದು ಮದುವೆಮನೆಗಳಲ್ಲಿ ಪಿಸುಗುಡುವರು. ಗಡಿಯೊಳಗಿನ ಹುಡುಗರನ್ನು ಹಾಸ್ಟೆಲಿಗೆ ಕಳಿಸುತ್ತಿರಲಿಲ್ಲ, ಒಬ್ಬನನ್ನೇ ಕೋಣೆಯಲ್ಲಿ ಮಲಗಿಸುತ್ತಿರಲಿಲ್ಲ. ಅವರು ಎಷ್ಟು ಉಂಡರು, ಎಷ್ಟು ನಿದ್ದೆ ಮಾಡಿದರು, ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತರು, ಎಲ್ಲದರ ಮೇಲೂ ಹೆಂಗಸರ ಕಣ್ಣು. ನಾವು ಹೆಣ್ಣುಮಕ್ಕಳು ಎಲ್ಲಿ ಬಿದ್ದೆವು ಎದ್ದೆವು, ಯಾರೂ ಕೇಳುತ್ತಿರಲಿಲ್ಲ. ನನಗೆ ಒಂದು ಇಡೀ ವರ್ಷ ಸರಿಯಾಗಿ ನಿದ್ದೆ ಬರಲಿಲ್ಲ. ಅವ್ವನಿಗೆ ಹೇಳಿದರೆ ಎಣ್ಣೆ ಹಚ್ಚಿಕೊಂಡು ತಲೆಗೆ ನೀರು ಹಾಕಿಕೋ ಅಂದಳು.

ಅಕ್ಕನ ಮದುವೆಯ ಮಾತುಕತೆಯಲ್ಲಿ ನಾವು ತಮ್ಮನನ್ನು ಮುಚ್ಚಿಡಲಿಲ್ಲ. ಭಾವ ಗದಗಿನ ಕಡೆಯವರು, ಅಪ್ಪನದೇ ಬ್ಯಾಂಕಿನಲ್ಲಿ ಅಧಿಕಾರಿ, ವಿಜಯವಾಡಕ್ಕೇ ವರ್ಗವಾಗಿ ಬಂದಿದ್ದರು. ಅವರ ತಾಯಿ ಒಂದೇ ಪ್ರಶ್ನೆ ಕೇಳಿದರು: ಹುಡುಗಿಗೂ ಬರುತ್ತದೆಯೇ? ಅವ್ವ ದೇವರ ಮುಂದೆ ಆಣೆ ಮಾಡುವವಳ ಹಾಗೆ ಕೂತು ಹೇಳಿದಳು, “ಹೆಣ್ಮಕ್ಕಳಿಗೆ ಹತ್ತಂಗಿಲ್ಲರೀ ಅದು. ನಮ್ಮಲ್ಲಿ ಒಬ್ಬಾಕಿಗೂ ಹತ್ತಿಲ್ಲ.” ಅವರು ಒಪ್ಪಿದರು. ನನ್ನ ಪಾಲಿಗೆ ಬಂದ ವರಗಳು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಹುಡುಗಿ ಸರಿ, ಆದರೆ ಅವಳ ಹೊಟ್ಟೆಯಲ್ಲಿ ಗಂಡು ಹುಟ್ಟಿದರೆ ಏನು ಗತಿ ಎಂದು ಲೆಕ್ಕ ಹಾಕಿ ಹಿಂದೆ ಸರಿದರು. ನನ್ನ ಮೈಯಲ್ಲಿ ಅವರಿಗೆ ಕಂಡದ್ದು ನಾನಲ್ಲ, ಹುಟ್ಟದ ನನ್ನ ಮಗ. ಅದಕ್ಕೆ ನನಗೆ ಈಗಲೂ ಸಿಟ್ಟಿದೆ. ಇರಲಿ ಎಂದು ಹಾಗೇ ಇಟ್ಟುಕೊಂಡಿದ್ದೇನೆ.

ಅಕ್ಕನಿಗೆ ಮೊದಲು ಹುಟ್ಟಿದ್ದು ಮಗ. ನರ್ಸಮ್ಮ ಬಕ್ಷೀಸಿನ ಆಸೆಗೆ ನಗುತ್ತಾ ಹೊರಗೆ ಬಂದು ಗಂಡು ಎಂದಳು. ಅವ್ವ ವರಾಂಡದ ಕೊನೆಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಆ ಕೂಸು ಕಣ್ಣು ಬಿಡುವುದಕ್ಕೆ ಮೊದಲೇ ಅದಕ್ಕಾಗಿ ಒಂದು ಅಳು ಮುಗಿದುಹೋಗಿತ್ತು. ನಾಲ್ಕು ವರ್ಷದ ಮೇಲೆ ಮಗಳು ಹುಟ್ಟಿದಾಗಲೇ ನಾನು ಮೊದಲು ಹೇಳಿದ ಪೇಢೆ.

ಹುಡುಗ ಚುರುಕಾಗಿ ಬೆಳೆದ. ಹದಿನೆಂಟು ತುಂಬಿ ಗಡಿಯೊಳಗೆ ಕಾಲಿಟ್ಟ ವರ್ಷವೇ ಅವನಿಗೆ ವಿಶಾಖಪಟ್ಟಣದ ಮಧುರವಾಡದ ಕಡೆ ಇಂಜಿನಿಯರಿಂಗ್ ಸೀಟು ಸಿಕ್ಕಿತು. ಹಾಸ್ಟೆಲ್ ಎಂಬ ಮಾತೇ ಇರಲಿಲ್ಲ. ಭಾವನಿಗೆ ಆಗ ಹುಬ್ಬಳ್ಳಿಗೆ ವರ್ಗ ಸಿಗುವುದಿತ್ತು; ಹೊರರಾಜ್ಯದಲ್ಲಿರುವ ನಮ್ಮ ಕಡೆಯ ಬ್ಯಾಂಕಿನವರು ಅದಕ್ಕಾಗಿ ಯಾರು ಯಾರ ಕಾಲು ಹಿಡಿಯುತ್ತಾರೆಂಬುದು ನನಗೆ ಗೊತ್ತು. ಅವರು ಅದನ್ನು ಬಿಟ್ಟು ವಿಶಾಖಪಟ್ಟಣ ಕೇಳಿಕೊಂಡರು. ಎಂವಿಪಿ ಕಾಲೋನಿಯಲ್ಲಿ ಬಾಡಿಗೆ ಮನೆ ಹಿಡಿದರು. ಮಗ ದಿನಾ ಬಸ್ಸಿನಲ್ಲಿ ಕಾಲೇಜಿಗೆ ಹೋಗಿ ಸಂಜೆ ಅಕ್ಕನ ಕಣ್ಣಳತೆಗೆ ಮರಳುತ್ತಿದ್ದ. ಮಗಳು ಪಕ್ಕದ ರಸ್ತೆಯ ಕೋಚಿಂಗ್ ಸೆಂಟರಿಗೆ ಹೋಗುತ್ತಿದ್ದಳು. ಅವಳು ಎಷ್ಟು ಹೊತ್ತಿಗೆ ಬಂದಳೆಂದು ಯಾರೂ ಗಡಿಯಾರ ನೋಡುತ್ತಿರಲಿಲ್ಲ.

ಅಕ್ಕ ನನಗೆ ದಿನವೂ ಮಧ್ಯಾಹ್ನ, ನನ್ನ ಊಟದ ಬಿಡುವಿನಲ್ಲಿ ಫೋನ್ ಮಾಡುತ್ತಿದ್ದಳು. ಮಗ ಇವತ್ತು ಎರಡೇ ಚಪಾತಿ ತಿಂದ, ಮಗ ಸ್ನಾನದ ಮನೆಯಲ್ಲಿ ಹಾಡಲಿಲ್ಲ, ಮಗ ಗಡ್ಡ ಬಿಟ್ಟಿದ್ದಾನೆ. ಗಡ್ಡವನ್ನು ಈಗ ಎಲ್ಲ ಹುಡುಗರೂ ಬಿಡುತ್ತಾರೆ ಎಂದು ನಾನು ಗದರಿದರೆ, ಗಡ್ಡ ನಮ್ಮ ತಮ್ಮನೂ ಬಿಟ್ಟಿದ್ದ ಎನ್ನುವಳು. ಹಾವು ಕಚ್ಚಿಸಿಕೊಂಡವರಿಗೆ ಹಗ್ಗವೂ ಹಾವೇ.

ಅವಳಿಗೆ ನಲವತ್ತಾರು ನಡೆಯುತ್ತಿತ್ತು. ಯುಗಾದಿ ಕಳೆದ ಮೇಲೆ ಫೋನಿನ ಮಾತು ಬದಲಾಯಿತು. ಮೇಲಿನ ಮನೆಯಲ್ಲಿದ್ದ ಮುದಿ ದಂಪತಿ ಹುಡುಗನ ಮೇಲೆ ಕಣ್ಣಿಟ್ಟಿದ್ದಾರೆ, ನಮ್ಮ ಬಗ್ಗೆಯೇ ಮಾತಾಡಿಕೊಳ್ಳುವುದು ಕೇಳಿಸುತ್ತದೆ ಎಂದಳು. ಟ್ಯಾಂಕಿನ ನೀರಿಗೆ ಏನೋ ಬೆರೆಸುತ್ತಾರೆ, ಅದಕ್ಕೇ ಮಗ ಮಂಕಾಗಿದ್ದಾನೆ ಎಂದಳು. ಕುಡಿಯುವ ನೀರು, ಆಮೇಲೆ ಅಡಿಗೆಯ ನೀರು, ಆಮೇಲೆ ಸ್ನಾನದ ನೀರೂ ಕ್ಯಾನಿನಲ್ಲಿ ಬರತೊಡಗಿತು. ಕಿಟಕಿಗಳಿಗೆ ದಪ್ಪ ಪರದೆ ಬಿದ್ದವು. ಆ ಸಮುದ್ರದೂರಿನ ಸೆಕೆಯಲ್ಲಿ ಪರದೆ ಮುಚ್ಚಿಕೊಂಡು ಕೂರುವುದೆಂದರೆ ಏನೆಂದು ಅಲ್ಲಿ ಇದ್ದವರಿಗೇ ಗೊತ್ತು. ರೈತು ಬಜಾರಿಗೆ ಹೋಗುವುದನ್ನು ಬಿಟ್ಟಳು. ಮಗನ ಗೆಳೆಯರು ಮನೆಗೆ ಬರುವುದು ನಿಂತಿತು.

ನಾವು ಏನು ಮಾಡಿದೆವು? ಹೊಗಳಿದೆವು. ಹೌದು, ಹೊಗಳಿದೆವು. ಅವ್ವ ಪಟಮಟದಲ್ಲಿ ಕೂತು, ಕಾಯುವುದೆಂದರೆ ನನ್ನ ಹಿರಿಮಗಳನ್ನು ನೋಡಿ ಕಲಿಯಬೇಕು, ನಾನು ಇಷ್ಟು ಕಾಯ್ದಿದ್ದರೆ ನನ್ನ ಮಗ ಹೀಗಾಗುತ್ತಿರಲಿಲ್ಲ ಎಂದು ಕಣ್ಣೊರೆಸಿಕೊಂಡಳು. ಭಾವ, ತಾಯಿಯ ಕರುಳು, ಹುಡುಗ ಗಡಿ ದಾಟಿದರೆ ಸರಿಹೋಗುತ್ತಾಳೆ ಎಂದರು. ಬೇರೆ ಯಾವ ಮನೆಯಲ್ಲಾದರೂ ಹೆಂಗಸೊಬ್ಬಳು ನೀರಿನಲ್ಲಿ ವಿಷವಿದೆ ಎಂದರೆ ಮರುದಿನವೇ ಅನುಮಾನ ಬರುತ್ತಿತ್ತು. ನಮ್ಮ ಮನೆಯಲ್ಲಿ ಭಯಪಡುವುದು ತಾಯಿಯ ಧರ್ಮವಾಗಿತ್ತು. ಅವಳ ಬ್ಯಾನಿ ನಮ್ಮೆಲ್ಲರ ಭಯದೊಳಗೆ ಹಾಲಿನಲ್ಲಿ ನೀರಿನಂತೆ ಬೆರೆತುಹೋಯಿತು. ಹುಡುಗ ಮಾತ್ರ ನಿಜವಾಗಿಯೂ ಮಂಕಾಗುತ್ತಿದ್ದ. ಇಪ್ಪತ್ತು ವರ್ಷದವನನ್ನು ಹಗಲಿರುಳು ಹುಚ್ಚು ಹಿಡಿಯಿತೇ ಎಂದು ದಿಟ್ಟಿಸುತ್ತಿದ್ದರೆ ಯಾರು ತಾನೇ ನಗುನಗುತ್ತಾ ಇರುತ್ತಾರೆ?

ಮಳೆಗಾಲದಲ್ಲಿ ಅಕ್ಕ ಹಟ ಹಿಡಿದಳು. ಮಗನಿಗೆ ಶುರುವಾಗಿದೆ, ತಡ ಮಾಡುವುದು ಬೇಡ, ಡಾಕ್ಟರಿಗೆ ತೋರಿಸಬೇಕು. ಭಾವ ಒಪ್ಪಿದರು, ನನ್ನನ್ನೂ ಬರಹೇಳಿದರು. ನಾನು ರಜೆ ಹಾಕಿ ರೈಲು ಹತ್ತಿದೆ. ಗೋದಾವರಿ ದಾಟುವಾಗ ಎದುರಿಗೆ ಕೂತ ಹೆಂಗಸು ನೀರಿಗೆ ನಾಣ್ಯ ಎಸೆದು ಕೈಮುಗಿದಳು. ನನಗೆ ಯಾವ ದೇವರ ಮೇಲೂ ಅಂಥ ಸಲಿಗೆಯಿಲ್ಲ. ಆದರೂ ಆ ಹೊತ್ತು ಕೇಳಿಕೊಂಡೆ: ಅವನಿಗೆ ಬೇಡ, ಅವನನ್ನು ಬಿಟ್ಟುಬಿಡು.

ಮಾನಸಿಕ ವೈದ್ಯೆ ನಡುವಯಸ್ಸಿನವರು, ನಿಧಾನದ ತೆಲುಗಿನಲ್ಲಿ ಮಾತಾಡುತ್ತಿದ್ದರು. ನಾವು ನಾಲ್ವರೂ ಒಟ್ಟಿಗೆ ಒಳಗೆ ಹೋದೆವು. ಹುಡುಗನನ್ನು ನಡುವೆ ಕೂರಿಸಿದೆವು. ಅವರು ಅವನನ್ನು ಕೇಳಿದರೆ ಅಕ್ಕ ಉತ್ತರ ಹೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಅವರು ನಮ್ಮನ್ನೆಲ್ಲ ಹೊರಗೆ ಕಳಿಸಿ ಅವನ ಜೊತೆ ಮಾತಾಡಿದರು. ಮತ್ತೆ ಕರೆದಾಗ ಅವನನ್ನು ಹೊರಗೆ ಕೂರಲು ಹೇಳಿ ತಮ್ಮ ಕುರ್ಚಿಯನ್ನು ಅಕ್ಕನ ಕಡೆಗೆ ತಿರುಗಿಸಿಕೊಂಡರು. ಮೇಲಿನ ಮನೆಯವರು ಏನು ಮಾತಾಡುತ್ತಾರೆ, ಯಾವಾಗ, ಎಲ್ಲಿಂದ ಕೇಳಿಸುತ್ತದೆ ಎಂದು ಒಂದೊಂದಾಗಿ ಕೇಳಿದರು. ಅಕ್ಕನ ಮುಖ ಅರಳಿತು. ಕೊನೆಗೂ ಒಬ್ಬರು ತನ್ನ ಮಾತಿಗೆ ಕಿವಿ ಕೊಟ್ಟರಲ್ಲ ಎಂಬ ಸಮಾಧಾನ ಅದು. ಅಡಿಗೆಮನೆಯ ಎಕ್ಸಾಸ್ಟ್ ಫ್ಯಾನಿನ ಕಿಂಡಿಯಿಂದ ಕೇಳಿಸುತ್ತದೆ, ಅವರು ಮನೆಯಲ್ಲಿ ಇಲ್ಲದಾಗಲೂ ಕೇಳಿಸುತ್ತದೆ, ನಾನು ಒಗ್ಗರಣೆ ಹಾಕಿದರೆ ಈಗ ಒಗ್ಗರಣೆ ಹಾಕಿದಳು ಎನ್ನುತ್ತಾರೆ ಎಂದಳು.

ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂದು ವೈದ್ಯೆ ಕೇಳಿದರು.

ಅಕ್ಕ ಅವರನ್ನು ಬಿಟ್ಟು ನನ್ನ ಕಡೆ ತಿರುಗಿ ಹೇಳಿದಳು: “ನಮ್ಮ ಭಾಷಾದಾಗ. ಥೇಟ್ ನಮ್ಮ ಧಾರವಾಡದ ಮಾತು.”

ಭಾವ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಮೇಲಿನ ಮನೆಯ ಆ ಮುದುಕ ಮುದುಕಿ ಶ್ರೀಕಾಕುಳಂ ಕಡೆಯವರು. ಅವರಿಗೆ ಕನ್ನಡದ ಒಂದು ಅಕ್ಷರ ಬಾರದು. ಇಷ್ಟು ತಿಂಗಳು ನಾನು ದಿನಾ ಊಟದ ಡಬ್ಬಿ ಮುಂದಿಟ್ಟುಕೊಂಡು ಅಕ್ಕನ ಮಾತು ಕೇಳಿದ್ದೆ. ಅವರು ಏನು ಹೇಳಿದರು ಎಂದು ವಿಚಾರಿಸಿದ್ದೆ, ಯಾವ ಭಾಷೆಯಲ್ಲಿ ಎಂದು ಕೇಳುವುದು ನನಗೆ ಹೊಳೆದಿರಲಿಲ್ಲ.

ಆಮೇಲೆ ಅಕ್ಕನನ್ನು ನರ್ಸಿನ ಜೊತೆ ಪಕ್ಕದ ಕೋಣೆಗೆ ಕಳಿಸಿ, ಭಾವನನ್ನೂ ನನ್ನನ್ನೂ ಕೂರಿಸಿಕೊಂಡು ವೈದ್ಯೆ ವಿವರಿಸಿದರು. ಮಗನಿಗೆ ಕಾಯಿಲೆಯ ಲಕ್ಷಣವಿಲ್ಲ, ಹೆದರಿದ್ದಾನೆ, ದಣಿದಿದ್ದಾನೆ. ತಾಯಿಗೆ ರಕ್ತಪರೀಕ್ಷೆ, ಥೈರಾಯ್ಡ್ ಎಲ್ಲ ನೋಡಿ, ಕೆಲವು ಸಲ ಮಾತಾಡಿಯೇ ಕಾಯಿಲೆಯ ಹೆಸರು ಹೇಳಬೇಕು, ಆದರೆ ಔಷಧಿ ತಡಮಾಡಬಾರದು. ನಾನು ಅವ್ವನ ಶಾಸ್ತ್ರವನ್ನು ಅವರ ಮುಂದಿಟ್ಟೆ. ಹೆಂಗಸರಿಗೆ ಬರುವುದಿಲ್ಲವಲ್ಲ ಎಂದೆ. ಅವರು ಬೈಯಲಿಲ್ಲ. ವಂಶದಿಂದ ಬರುವ ಪಾಲು ಗಂಡಿಗೂ ಹೆಣ್ಣಿಗೂ ಬರುತ್ತದೆ, ಆದರೆ ಅದು ತಲೆಯೆತ್ತುವ ಕಾಲ ಬೇರೆ ಎಂದರು. ಹುಡುಗರಲ್ಲಿ ಸಾಮಾನ್ಯವಾಗಿ ಬೇಗ, ಹದಿಹರೆಯ ಮುಗಿಯುವ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ. ಹೆಣ್ಣುಮಕ್ಕಳಲ್ಲಿ ಎಷ್ಟೋ ಸಲ ಕೆಲವು ವರ್ಷ ತಡವಾಗಿ. ಕೆಲವರಲ್ಲಿ ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನಲ್ಲಿ. ಹೆಣ್ಣಿನ ಹಾರ್ಮೋನು ಅಷ್ಟು ಕಾಲ ಅಡ್ಡ ನಿಂತಿರಬಹುದು ಎಂಬ ಊಹೆ ಇದೆ, ಖಚಿತವಾಗಿ ಯಾರೂ ಹೇಳಲಾರರು. ತಡವಾಗಿ ಬಂದಾಗ ಮನೆಯವರು ಅದನ್ನು ಮುಟ್ಟಿನ ತೊಂದರೆ, ಸಂಸಾರದ ಬೇಸರ ಎಂದುಕೊಳ್ಳುತ್ತಾರೆ, ಚಿಕಿತ್ಸೆ ಸಿಗುವುದಿಲ್ಲ. ಇನ್ನೊಂದು ಮಾತನ್ನು ಅವರು ಎರಡು ಸಲ ಹೇಳಿದರು: ಮನೆಯಲ್ಲಿ ಒಬ್ಬರಿಗೆ ಇದ್ದರೆ ಉಳಿದವರಿಗೆ ಅಪಾಯ ಹೆಚ್ಚು, ನಿಜ, ಆದರೂ ಹೆಚ್ಚಿನವರಿಗೆ ಜೀವಮಾನದಲ್ಲಿ ಬರುವುದೇ ಇಲ್ಲ.

ಹೊರಗೆ ಹುಡುಗ ಮೊಣಕಾಲ ಮೇಲೆ ಕೈಯೂರಿ ಕೂತಿದ್ದ. ನನ್ನ ಮುಖ ನೋಡಿ, ನನಗಲ್ಲವಾ ಎಂದು ಮೆಲ್ಲಗೆ ಕೇಳಿದ. ಇಲ್ಲ, ನಿನಗಲ್ಲ ಎಂದೆ. ಅವನು ನಕ್ಕ. ಎಷ್ಟೋ ವರ್ಷದಿಂದ ಕಂಡಿರದ, ಹಲ್ಲೆಲ್ಲ ಕಾಣುವ ನಗು. ಹಿಂದೆಯೇ ಭಾವನ ಹೆಗಲು ಹಿಡಿದು ಬರುತ್ತಿದ್ದ ತಾಯಿಯನ್ನು ಕಂಡ. ನಗು ಮುಖದ ಮೇಲೆ ಇನ್ನೂ ಇರುವಾಗಲೇ ಅವನಿಗೆ ಎಲ್ಲ ಅರ್ಥವಾಯಿತು. ಗೋಡೆಯ ಕಡೆ ತಿರುಗಿ ಹಣೆಯನ್ನು ಗೋಡೆಗೆ ಒತ್ತಿಕೊಂಡು ಅತ್ತ. ಆ ಮಗುವನ್ನು ಒಂದು ಗಳಿಗೆಯಾದರೂ ಸಂತೋಷವಾಗಿರಲು ಬಿಡಲಾಗಲಿಲ್ಲವಲ್ಲ ಎಂದು ನನಗೆ ಎಲ್ಲರ ಮೇಲೂ ರೋಷ ಬಂತು.

ಪಟಮಟಕ್ಕೆ ಮರಳಿ ಅವ್ವನಿಗೆ ಹೇಳಿದೆ. ಅವಳು ಬೇಳೆ ಆರಿಸುತ್ತಿದ್ದಳು, ಆರಿಸುವುದನ್ನು ನಿಲ್ಲಿಸಲಿಲ್ಲ.

“ಆಕಿಗೆ ಹೆಂಗ ಬರ್ತೈತಿ? ಆಕಿ ಹೆಣ್ಣಲ್ಲೇನ?” ಎಂದಳು. ಡಾಕ್ಟರು ತಪ್ಪಿದ್ದಾರೆ, ಹುಡುಗನದು ಇವಳ ಹೆಸರಿಗೆ ಬರೆದಿದ್ದಾರೆ ಎಂದಳು. ಉಷ್ಣ ಎಂದಳು, ಆ ಊರಿನ ಉಪ್ಪು ಗಾಳಿ ಎಂದಳು. ನಾನು ಸಿಟ್ಟಿಗೆದ್ದು, ಹತ್ತಂಗಿಲ್ಲ ಎಂದು ಆಣೆ ಮಾಡಿದವಳು ನೀನೇ ಅಲ್ಲವೇ ಎಂದು ಕೂಗಾಡಿದೆ. ತಮ್ಮ ಎದ್ದು ಹಿತ್ತಲಿಗೆ ಹೋದ. ಅವ್ವ ಅಳಲಿಲ್ಲ. ಮೊಮ್ಮಗನಿಗಾಗಿ ಇಪ್ಪತ್ತು ವರ್ಷದಿಂದ ಕಣ್ಣೀರು ಕೂಡಿಟ್ಟುಕೊಂಡಿದ್ದ ಹೆಂಗಸು ಅವಳು. ಮಗಳಿಗಾಗಿ ಒಂದು ಹನಿಯನ್ನೂ ತೆಗೆದಿಟ್ಟಿರಲಿಲ್ಲ.

ಔಷಧಿ ಶುರುವಾಯಿತು. ಮೊದಮೊದಲು ಅಕ್ಕ ಅದನ್ನು ಉಗುಳುತ್ತಿದ್ದಳು; ಮಗನನ್ನು ತೋರಿಸಲು ಹೋದರೆ ನನ್ನನ್ನೇ ಹುಚ್ಚಿ ಮಾಡಿದಿರಿ ಎಂದು ಭಾವನ ಜೊತೆ ಮಾತು ಬಿಟ್ಟಳು. ವೈದ್ಯೆ ಕಾಯಿಲೆಯ ಹೆಸರನ್ನು ಖಚಿತವಾಗಿ ಹೇಳುವ ಹೊತ್ತಿಗೆ ದೀಪಾವಳಿ ಬಂದಿತ್ತು. ಮೆಲ್ಲಮೆಲ್ಲಗೆ ಮೇಲಿನ ಮನೆಯವರ ದನಿ ಸಣ್ಣದಾಯಿತಂತೆ. ಅಕ್ಕನೂ ಸಣ್ಣದಾದಳು; ಮೈಯಲ್ಲಲ್ಲ, ಮೈ ಊದಿಕೊಂಡಿತ್ತು. ಮಧ್ಯಾಹ್ನದ ಫೋನು ನಿಂತಿತು. ನಾನೇ ಮಾಡಿದರೆ ಹೂಂ, ಉಂಡೆ, ಮಲಗಿದ್ದೆ ಎನ್ನುವಳು. ಬೈಗುಳ, ಗಾಸಿಪ್ಪು, ನನ್ನ ಸೀರೆಗಳ ಗೇಲಿ, ಎಲ್ಲ ಹೋಯಿತು. ಬದುಕಿರುವ ಅಕ್ಕನಿಗಾಗಿ ನಾನು ಹೀಗೆ ಹಂಬಲಿಸುತ್ತೇನೆ ಎಂದು ಯಾರಿಗೆ ಹೇಳಲಿ?

ಸಂಕ್ರಾಂತಿ ಕಳೆದು ಮತ್ತೆ ಹೋಗಿದ್ದೆ. ಭಾನುವಾರ ಸಂಜೆ. ಅಕ್ಕ ಔಷಧಿಯ ನಿದ್ದೆಯಲ್ಲಿದ್ದಳು, ಭಾವನೂ ಮಗನೂ ಸಾಮಾನು ತರಲು ಹೋಗಿದ್ದರು. ಅಕ್ಕನ ಮಗಳು ಮಂಚದ ಮೇಲೆ ಪುಸ್ತಕ ಹರಡಿಕೊಂಡು ಕೂತಿದ್ದಳು. ಅವಳಿಗೆ ಹದಿನಾರು. ನನ್ನನ್ನು ಚಿಕ್ಕಮ್ಮ ಎನ್ನುವುದಿಲ್ಲ, ಇಲ್ಲಿಯ ಮಕ್ಕಳಂತೆ ಪಿನ್ನಿ ಎನ್ನುತ್ತಾಳೆ. ಅವಳ ತಲೆಯಲ್ಲಿ ಓಡುವುದು ತೆಲುಗು. ಕನ್ನಡವನ್ನು ನೆಂಟರಿಗೆಂದು ತೆಗೆದಿಟ್ಟಿದ್ದಾಳೆ. ನಾನು ಒಗೆದ ಬಟ್ಟೆ ಮಡಿಸುತ್ತಿದ್ದೆ. ಈ ಇಡೀ ವರ್ಷದಲ್ಲಿ ನಮ್ಮಲ್ಲಿ ಯಾರೂ ಅವಳನ್ನು ಕೂರಿಸಿಕೊಂಡು ಏನನ್ನೂ ಹೇಳಿರಲಿಲ್ಲ. ಅವಳು ಮಾತ್ರ ಎಲ್ಲವನ್ನೂ ಬಾಗಿಲ ಆಚೆಯಿಂದ ಕೇಳಿಕೊಂಡಿದ್ದಳು.

ತಲೆ ಎತ್ತದೆಯೇ ಕೇಳಿದಳು: “ಪಿನ್ನೀ, ಅಣ್ಣಂದು ಇಪ್ಪತ್ತೈದಕ್ಕೆ ಮುಗೀತದೆ ಅಂತೀರಲ್ಲ. ನಂದು ಎಷ್ಟಕ್ಕೆ ಮುಗೀತದೆ?”

ಇಪ್ಪತ್ತೈದು ಎಂಬುದೂ ನಮ್ಮವರು ಕಟ್ಟಿದ ಕತೆ, ಅಂಥ ಗಡಿ ಯಾರಿಗೂ ಇಲ್ಲ ಎಂದು ಹೇಳಬಹುದಿತ್ತು. ಅದರಿಂದ ಅವಳ ಭಯ ಇನ್ನಷ್ಟು ಬೆಳೆಯುತ್ತಿತ್ತು. ವೈದ್ಯೆ ಹೇಳಿದ್ದನ್ನು ಹೇಳಿದೆ. ಹೆಚ್ಚಿನವರಿಗೆ ಬರುವುದೇ ಇಲ್ಲ ಕಂದಾ, ಬಂದರೂ ಬೇಗ ತೋರಿಸಿದರೆ ಔಷಧಿ ಇದೆ, ನಾವೆಲ್ಲ ಇದ್ದೇವೆ. ಕೌಂಟರಿನಲ್ಲಿ ಸಾಲದ ಗಿರಾಕಿಗೆ ನಿಯಮ ಓದಿ ಹೇಳುವ ದನಿ ನನ್ನದೇ ಕಿವಿಗೆ ಕೇಳಿಸಿತು. ಅವಳು ಸಭ್ಯತೆಯಿಂದ ಕೇಳಿಸಿಕೊಂಡಳು. ಆಮೇಲೆ ತಲೆ ಎತ್ತಿ ನನ್ನನ್ನು ನೋಡಿದಳು.

“ನಿಮ್ಮದು?”

ನನಗೆ ನಲವತ್ತನಾಲ್ಕು. ಅವಳ ತಾಯಿಗಿಂತ ಎರಡು ವರ್ಷಕ್ಕೆ ಚಿಕ್ಕವಳು, ಅವಳ ಸೋದರಮಾವನಿಗೆ ಅಕ್ಕ. ಆ ಆಸ್ಪತ್ರೆಯಿಂದ ಹೊರಬಂದ ದಿನದಿಂದ ಇದೊಂದು ಪ್ರಶ್ನೆಯನ್ನು ನಾನು ಯಾರಿಗೂ ಕೇಳಲು ಬಿಟ್ಟಿರಲಿಲ್ಲ, ನನಗೆ ನಾನೂ ಕೇಳಿಕೊಂಡಿರಲಿಲ್ಲ.

“ನಂದೂ ಇನ್ನೂ ಮುಗಿದಿಲ್ಲ,” ಎಂದೆ.

ಅವಳು ಹರಡಿದ್ದ ಪುಸ್ತಕಗಳನ್ನು ಒಂದು ಕಡೆಗೆ ಸರಿಸಿ ನನಗೆ ಜಾಗ ಮಾಡಿದಳು. ನಾಳೆ ಹೋಗಬೇಡಿ ಪಿನ್ನೀ ಎಂದಳು. ನಾನು ಅವಳ ಪಕ್ಕದಲ್ಲಿ ಕೂತು, ಅವಳಿಗೆ ಕಾಣುವ ಹಾಗೆಯೇ ಫೋನು ಹಿಡಿದು, ಬೆಳಗಿನ ರೈಲಿನ ಟಿಕೆಟ್ ರದ್ದು ಮಾಡಿದೆ.